ಘಟ್ಟದ ಸಂಬಾರ, ಕಡಲಿನ ಮೀನು

ಅಡಿಗೆಯ ವಿಮರ್ಶೆಗೆ ಸಾಹಿತ್ಯದ ಪುಟದಲ್ಲಿ ಏನು ಕೆಲಸ ಎಂದು ಕೇಳುವವರಿಗೆ ಮೊದಲೇ ಒಂದು ಮಾತು. ‘ರಸ’ವೆಂದರೇನೆಂದು ವಿವರಿಸಹೊರಟ ಭರತಮುನಿ ಕೈತೋರಿದ್ದು ಅಡಿಗೆಮನೆಯ ಕಡೆಗೆ. ಬಗೆಬಗೆಯ ವ್ಯಂಜನಗಳೂ ದ್ರವ್ಯಗಳೂ ಕೂಡಿ ರುಚಿಯಾಗುವಂತೆ ಭಾವಗಳು ಕೂಡಿ ರಸವಾಗುತ್ತದೆಂಬುದು ಅವನ ಹೋಲಿಕೆ. ನಮ್ಮ ವಿಮರ್ಶಕರು ಅಲ್ಲಿಂದ ಕಡ ತಂದ ಮಾತಿನಿಂದಲೇ ಇಷ್ಟು ಶತಮಾನ ಜೀವನ ಸಾಗಿಸಿದ್ದಾರೆ. ಒಂದು ದಿನ ಅದನ್ನು ಒಲೆಯ ಬಳಿಗೆ ಹಿಂದಿರುಗಿಸಿದರೆ ಲೋಪವೇನೂ ಇಲ್ಲ.

ಸಕಲೇಶಪುರ, ಆಲೂರುಗಳ ಬೆಟ್ಟದ ಸಾಲಿನಲ್ಲಿ ಈಗ ಅತಿಥಿಗೃಹಗಳಿಗೆ ಬರವಿಲ್ಲ. ಕಳೆದ ಮಳೆಗಾಲದಲ್ಲಿ ಅಂತಹದೊಂದರಲ್ಲಿ ಎರಡು ದಿನ ಉಂಡೆ. ಹೆಸರು ಹೇಳುವುದಿಲ್ಲ, ಆ ದೋಷ ಒಂದೇ ಮನೆಯದಲ್ಲ. ಕಿಟಕಿಯಾಚೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಣಿವೆಯ ನೆರಳಿನಲ್ಲಿ ಏಲಕ್ಕಿ. ಮೇಜಿನ ಮೇಲೆ ಮಾತ್ರ ಕೆಂಪು ಗೊಜ್ಜಿನಲ್ಲಿ ಮುಳುಗಿದ ಪನೀರು ಮತ್ತು ಗೋಬಿ ಮಂಚೂರಿ. ಮಂಗಳೂರಿನಿಂದ ಶಿರಾಡಿ ಘಟ್ಟ ಹತ್ತಿ ಬಂದಿದ್ದ ಒಳ್ಳೆಯ ಅಂಜಲ್ ಮೀನು ಬಣ್ಣದ ಪುಡಿಯ ಹೊದಿಕೆಯೊಳಗೆ ತನ್ನ ಗುರುತನ್ನೇ ಕಳೆದುಕೊಂಡಿತ್ತು. ಕರಿಮೆಣಸೆಂಬುದು ಪುಟ್ಟ ಶೀಷೆಯೊಂದರಲ್ಲಿ ಬೂದಿಯಂತೆ ಕುಳಿತಿತ್ತು. ಕ್ಷೇಮೇಂದ್ರನಂಥವನು ಇದನ್ನು ಕಂಡಿದ್ದರೆ ಔಚಿತ್ಯದ ಮೇಲೆ ಇನ್ನೊಂದು ಅಧ್ಯಾಯ ಬರೆಯುತ್ತಿದ್ದನು.

ಎರಡನೆಯ ಮಧ್ಯಾಹ್ನ ಹಿತ್ತಿಲ ಕಡೆಯಿಂದ ಬಂದ ವಾಸನೆ ಬೇರೆಯಾಗಿತ್ತು. ಅಡಿಗೆಗೆ ನೆರವಾಗುವ ಹೆಂಗಸರು ತಮಗೆಂದು ಗದ್ದೆಯ ಏಡಿಯ ಸಾರು ಮಾಡಿಕೊಂಡಿದ್ದರು. ಜೊತೆಗೆ ಅಕ್ಕಿಯ ಕಡುಬು. ನಾಚಿಕೆ ಬಿಟ್ಟು ಕೇಳಿ ಹಾಕಿಸಿಕೊಂಡೆ. ಬಳ್ಳಿಯಿಂದ ಕಿತ್ತ ಹಸಿಮೆಣಸು, ತೆಂಗಿನಕಾಯಿ, ಹುಳಿಗೆ ಒಣಗಿಸಿಟ್ಟ ವಾಟೆಹುಳಿ, ಇಷ್ಟೇ. ಮೊದಲು ನಾಲಗೆಗೆ ಬಂದದ್ದು ಏಡಿಯ ಸಿಹಿ. ಆಮೇಲೆ ಹುಳಿ. ನುಂಗಿದ ಮೇಲೆ, ಎಲ್ಲ ಮುಗಿಯಿತೆನ್ನುವಾಗ, ಗಂಟಲಿನಲ್ಲಿ ಮೆಣಸಿನ ಕಾವು ಎದ್ದಿತು. ಮೆಣಸಿನಕಾಯಿ ನಾಲಗೆಯ ತುದಿಯಲ್ಲೇ ಗದ್ದಲವೆಬ್ಬಿಸುತ್ತದೆ. ಪೋರ್ತುಗೀಸರೊಡನೆ ಬಂದ ಹೊಸಬ ಅದು, ಹೆಸರನ್ನೂ ನಮ್ಮ ಮೆಣಸಿನಿಂದಲೇ ಪಡೆದುಕೊಂಡಿತು. ಹಳಬನಾದ ಕರಿಮೆಣಸು ಉಳಿದವರ ಮಾತು ಮುಗಿಯುವವರೆಗೆ ಕಾದಿದ್ದು ಆಮೇಲೆ ತನ್ನದನ್ನು ಹೇಳುತ್ತದೆ. ಅಂತಹ ಹದ ಆ ಸಾರಿನಲ್ಲಿತ್ತು. ಇದನ್ನು ಮುಂದಿನ ಮೇಜಿಗೆ ಏಕೆ ಬಡಿಸುವುದಿಲ್ಲವೆಂದು ಕೇಳಿದೆ. “ಇದನ್ನ ದುಡ್ಡು ಕೊಟ್ಟು ಯಾರು ತಿಂತಾರೆ ಸ್ವಾಮಿ?” ಎಂದರು.

ತಿನ್ನುವವರಿದ್ದಾರೆ. ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಸಿಂಪಿಗೆ ಹೆಸರಾದ ಕಾಂಕಾಲ್ ಎಂಬ ಊರಿದೆ. ಆ ಊರಿನ ಒಲಿವಿಯೆ ರೊಲಾಂಜೆ ಎಂಬವರು ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 1976ರಲ್ಲಿ, ಬೀದಿಯಲ್ಲಿ ದುಂಡಾವರ್ತಿಯವರ ಹೊಡೆತಕ್ಕೆ ಸಿಕ್ಕಿ ಬಹುಕಾಲ ಗಾಲಿಕುರ್ಚಿಯಲ್ಲಿದ್ದರು, ಚೇತರಿಸಿಕೊಂಡು ಬಾಣಸಿಗರಾದರು. 1982ರಲ್ಲಿ ತಾವು ಬೆಳೆದ ಮನೆಯಲ್ಲೇ ಭೋಜನಶಾಲೆ ತೆರೆದರು. ಅವರಿಗೆ ಹೊಳೆದದ್ದು ಸರಳವಾದ ಸಂಗತಿ. ಹತ್ತಿರದ ಸ್ಯಾಂ ಮಾಲೋ ಬಂದರಿನ ವರ್ತಕರು ಹದಿನೆಂಟನೆಯ ಶತಮಾನದಲ್ಲಿ ಹಿಂದೂದೇಶದ ವ್ಯಾಪಾರಕ್ಕೆ ಹಡಗು ಕಳುಹಿಸುತ್ತಿದ್ದರು. 1746ರಲ್ಲಿ ಮದರಾಸನ್ನು ಹಿಡಿದ ಲಾ ಬೂರ್ದೊನೆ ಆ ಊರಿನವನೇ. ಬಂದರಿಗೆ ಸಂಬಾರ ಬಂದಿಳಿಯಿತು, ಅಲ್ಲಿನ ಮೀನಿನ ಬಾಣಲೆ ಮಾತ್ರ ಅದನ್ನು ಮರೆತಿತು. ರೊಲಾಂಜೆ ಆ ಮರೆತ ನಂಟನ್ನು ಮತ್ತೆ ಕೂಡಿಸಿದರು. ಕಡಲಿನ ಮೀನನ್ನು ನಮ್ಮ ಕಡೆಯ ಸಂಬಾರಗಳೊಡನೆ ಬೇಯಿಸಿದ ತಮ್ಮ ಪ್ರಸಿದ್ಧ ಅಡಿಗೆಗೆ ‘ಹಿಂದೂದೇಶದಿಂದ ಮರಳಿದ್ದು’ ಎಂಬರ್ಥದ ಹೆಸರಿಟ್ಟರು. 2006ರಲ್ಲಿ ಮಿಷೆಲಿನ್ ಕೈಪಿಡಿಯ ಮೂರು ನಕ್ಷತ್ರಗಳು ಬಂದವು. 2008ರಲ್ಲಿ ತಾವಾಗಿಯೇ ಆ ಭೋಜನಶಾಲೆಯನ್ನು ಮುಚ್ಚಿದರು. ಈಗ ಮಗ ಹ್ಯೂಗೋ ಅಲ್ಲಿಯೇ ಸಮೀಪದಲ್ಲಿ ನಡೆಸುವ ಶಾಲೆಗೂ 2025ರಲ್ಲಿ ಮೂರನೆಯ ನಕ್ಷತ್ರ ದೊರೆತಿದೆ. ನಾನು ಅಲ್ಲಿ ಉಂಡವನಲ್ಲ. ಅವರ ಅಡಿಗೆಯ ಹಿಂದಿರುವ ವಿಚಾರವನ್ನಷ್ಟೇ ಇಲ್ಲಿ ತೂಗಿ ನೋಡುತ್ತಿದ್ದೇನೆ.

ವಿಚಾರ ದೊಡ್ಡದು, ನಿಜ. ಆದರೆ ಅದರಲ್ಲೊಂದು ಕೊರತೆಯಿದೆ. ಅದು ಹಡಗಿನ ಕಾವ್ಯ. ಸಂಬಾರ ಬಂದರಿಗೆ ಇಳಿದ ಕ್ಷಣದಿಂದ ಆರಂಭವಾಗುತ್ತದೆ. ಹಡಗು ಹತ್ತುವ ಮೊದಲು ಅದು ಯಾವ ಬೆಟ್ಟದಲ್ಲಿ, ಯಾರ ಕೈಯಲ್ಲಿ ಇತ್ತೆಂಬುದು ಅದಕ್ಕೆ ಬೇಕಾಗಿಲ್ಲ. ಇದಕ್ಕೆ ರೊಲಾಂಜೆಯವರೊಬ್ಬರನ್ನೇ ದೂರುವುದು ಅನ್ಯಾಯ, ವ್ಯಾಪಾರದ ಭಾಷೆಯೇ ಹಾಗೆ. ದಪ್ಪ ಕಾಳಿನ ಮೆಣಸಿಗೆ ಜಗತ್ತಿನಲ್ಲಿ ತಲಚೇರಿಯ ಹೆಸರು, ಏಲಕ್ಕಿಗೆ ಆಲಪ್ಪುಳೆಯ ಹೆಸರು, ಎರಡೂ ಬಂದರುಗಳು. ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಮೆಣಸು ಬೆಳೆಯುತ್ತಿರುವುದು ಕರ್ನಾಟಕ. ಕೊಡಗಿನವರು ಎಚ್ಚೆತ್ತು ತಮ್ಮ ಏಲಕ್ಕಿಗೆ ಭೌಗೋಳಿಕ ಗುರುತು ಪಡೆದರು. ಸಕಲೇಶಪುರದ ಕಾಳು ಚೀಲದ ಬಾಯಿ ಕಟ್ಟಿದೊಡನೆ ತನ್ನ ಊರನ್ನು ಕಳೆದುಕೊಳ್ಳುತ್ತದೆ. ದೋಣಿಗಾಲಿನಲ್ಲಿ ಏಲಕ್ಕಿ ಸಂಶೋಧನಾ ಕೇಂದ್ರವೇ ಇದೆ. ಏಲಕ್ಕಿಗೆ ತಗಲುವ ‘ಕಟ್ಟೆ’ ರೋಗ ಅದೇ ಕನ್ನಡ ಹೆಸರಿನಿಂದ ವಿಜ್ಞಾನಗ್ರಂಥಗಳನ್ನು ಸೇರಿದೆ. ನಮ್ಮ ರೋಗಕ್ಕೆ ಸಿಕ್ಕ ಕೀರ್ತಿ ನಮ್ಮ ಬೆಳೆಗೆ ಸಿಗಲಿಲ್ಲ.

ಅದೇ ದೋಣಿಗಾಲಿನ ಬಳಿ ಮಂಜರಾಬಾದಿನ ಕೋಟೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ಈ ನಕ್ಷತ್ರ ಫ್ರೆಂಚರ ಕೋಟೆಶಾಸ್ತ್ರದ ಪಡಿಯಚ್ಚು. ಪ್ರವಾಸಿಗಳು ಅದರ ಚಿತ್ರ ತೆಗೆದುಕೊಂಡು ಪನೀರು ಉಣ್ಣಲು ಹೋಗುತ್ತಾರೆ!

ಹಾಗೆಂದು ಏಡಿಯ ಸಾರನ್ನು ಬಿಳಿಯ ತಟ್ಟೆಯ ನಡುವೆ ಮೂರು ಹನಿಯಾಗಿ ಚೆಲ್ಲಿ ಸಾವಿರಾರು ರೂಪಾಯಿ ಬೆಲೆ ಕಟ್ಟಿರೆಂದು ನಾನು ಹೇಳುತ್ತಿಲ್ಲ. ಅದು ಇನ್ನೊಂದು ಬಗೆಯ ಅನೌಚಿತ್ಯ. ನಮಗೆ ಪಾಕಶಾಸ್ತ್ರದ ಪರಂಪರೆಯೇನೂ ಕಡಮೆಯಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರ ಮಾನಸೋಲ್ಲಾಸದಲ್ಲಿ ಮೀನಿನ ಪಾಕಗಳನ್ನು ಸಂಕೋಚವಿಲ್ಲದೆ ವರ್ಣಿಸಿದ್ದಾನೆ. ಪಕ್ಕದ ಮೂಡಿಗೆರೆಯಲ್ಲಿದ್ದ ತೇಜಸ್ವಿ ಮೀನು ಹಿಡಿಯುವುದನ್ನು ಸಾಹಿತ್ಯಕ್ಕೆ ತಂದರು. ಹಿಡಿದ ಮೀನು ಸಾರಾಗುವ ಬಗೆಯನ್ನು ಅಷ್ಟೇ ಶ್ರದ್ಧೆಯಿಂದ ಬರೆಯುವವರು ಬೇಕು. ಮುಂಗಾರಿನ ಮೊದಲ ನೆರೆಗೆ ಗದ್ದೆಗೆ ಹತ್ತುವ ಮೀನು, ಅದಕ್ಕೆ ಒಡ್ಡುವ ಬಿದಿರಿನ ಕೂಣಿ, ಮಳೆಗಾಲದ ಕಳಲೆ, ಇವುಗಳಲ್ಲಿ ಒಂದನ್ನಾದರೂ ಊರಿನ ಹೆಸರು ಹೇಳಿ ಅತಿಥಿಯ ಮುಂದಿಡುವ ಧೈರ್ಯ ತೋಟದ ಮನೆಯೊಂದಕ್ಕೆ ಬಂದರೆ ಸಾಕು.

ಆದರೆ ಅದಕ್ಕೂ ಬಹಳ ಕಾಲವಿಲ್ಲ. ಏಡಿ ಸಿಗುವುದು ಗದ್ದೆ ಇರುವ ತನಕ. ಆಲೂರಿನ ಕಡೆ ಒಂದೊಂದಾಗಿ ಗದ್ದೆಗಳು ಶುಂಠಿಯ ಪಟ್ಟೆಗಳಾಗುತ್ತಿವೆ. ಶುಂಠಿಗೆ ಹೊಡೆದ ಔಷಧಿಯ ನೀರು ಹರಿಯುವ ಕಾಲುವೆಯಲ್ಲಿ ಏಡಿ ಬದುಕುವುದು ಕಷ್ಟ.