ಐದು ವೋಲ್ಟಿನ ಜಾಡು

ಮಧುಗಿರಿ, ಕೊರಟಗೆರೆ ಕಡೆಯ ಕಲ್ಲು ಕ್ವಾರಿಯಲ್ಲಿ ಹಿಟಾಚಿ ಕೈಕೊಟ್ಟರೆ ಮೊದಲು ಕೇಳಿಬರುವ ಮಾತು: ‘ಸೆನ್ಸರ್ ಹೋಗಿರಬೇಕು, ಹೊಸದು ಹಾಕ್ಸಿ.’ ಒಳ್ಳೆಯ ಎಲೆಕ್ಟ್ರಿಷಿಯನ್ ಈ ಅವಸರಕ್ಕೆ ಬೀಳುವುದಿಲ್ಲ. ಪಾವಗಡದ ಬಿಸಿಲಿನಲ್ಲೂ ಕೆಡದ ಅವರ ತಾಳ್ಮೆ ನನಗೆ ಬಹಳ ಇಷ್ಟ.

ಆಯಿಲ್ ಪ್ರೆಶರ್, ಬೂಸ್ಟ್ ಪ್ರೆಶರ್, ರೈಲ್ ಪ್ರೆಶರ್ ಮೂರರ ಎರರ್ ಕೋಡೂ ಒಟ್ಟಿಗೆ ಬಂದಿವೆ ಎನ್ನಿ. ಮೂರೂ ಸೆನ್ಸರ್ ಒಂದೇ ಗಳಿಗೆಯಲ್ಲಿ ಕೆಡುವುದು ಅಪರೂಪವೆಂದು ಅವರಿಗೆ ಗೊತ್ತು. ಇಂಥ ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿ: ಎಂಜಿನ್ನಿನ ಕಂಪ್ಯೂಟರ್ ಆದ ಇಸಿಎಂ ಕಳಿಸುವ 5 ವೋಲ್ಟ್, ಗ್ರೌಂಡ್, ಒತ್ತಡಕ್ಕೆ ತಕ್ಕಂತೆ 0.5ರಿಂದ 4.5 ವೋಲ್ಟಿನ ಆಸುಪಾಸಿನಲ್ಲಿ ಏರಿಳಿಯುವ ಸಿಗ್ನಲ್. ಆ 5 ವೋಲ್ಟನ್ನು ಎಷ್ಟೋ ಎಂಜಿನ್‌ಗಳಲ್ಲಿ ಹಲವು ಸೆನ್ಸರುಗಳು ಹಂಚಿಕೊಳ್ಳುತ್ತವೆ. ಒಂದು ಒಳಗೇ ಶಾರ್ಟ್ ಆದರೆ, ಒಬ್ಬರ ಮನೆಯ ಮೋಟಾರು ಬೀದಿಯ ನಲ್ಲಿಗಳನ್ನೆಲ್ಲ ಒಣಗಿಸಿದಂತೆ, ಉಳಿದವಕ್ಕೂ ಕೊರತೆ.

ಇಗ್ನಿಷನ್ ಆನ್. ಮೀಟರಿನ ಮೊನೆ ಕನೆಕ್ಟರಿನ ಹಿಂಬದಿಯಿಂದ, ರಬ್ಬರ್ ಸೀಲ್ ಹರಿಯದಂತೆ ಒಳಹೋಗುತ್ತದೆ. 1.2 ವೋಲ್ಟ್. ಒಂದೊಂದೇ ಪ್ಲಗ್ ಕಳಚುತ್ತಾರೆ. ಯಾವುದೋ ಒಂದು ‘ಟಕ್’ ಎಂದು ಬಿಟ್ಟೊಡನೆ ಅಂಕಿ 5ಕ್ಕೆ ಜಿಗಿಯುತ್ತದೆ. ಕಳ್ಳ ಅಲ್ಲೇ! ಎಲ್ಲ ಕಳಚಿದರೂ ಏರದಿದ್ದರೆ ಬೆರಳುಗಳು ವೈರಿಂಗಿನುದ್ದಕ್ಕೂ ಹರಿಯುತ್ತವೆ. ಬ್ರಾಕೆಟ್ಟಿನ ಅಂಚಿಗೆ ಉಜ್ಜಿ ಸವೆದ ಹೊದಿಕೆ, ಹಸಿರುಗಟ್ಟಿದ ಪಿನ್, ಕ್ಲಿಪ್ಪಿನೊಳಗೆ ಕೂತ ಕ್ರಷರ್ ಧೂಳು ಕಣ್ಣಿಗಿಂತ ಮೊದಲು ಆ ಬೆರಳಿಗೆ ಸಿಗುತ್ತವೆ. ಹಾರ್ನೆಸ್ಸನ್ನು ಮೆಲ್ಲಗೆ ಅಲುಗಿಸುತ್ತ ಅಂಕಿ ಕದಲುವ ಜಾಗವನ್ನು ಹಿಡಿಯುತ್ತಾರೆ.

ಯಂತ್ರದ ಕಂಪ್ಯೂಟರುಗಳು ಪರಸ್ಪರ ಮಾತಾಡುವ ಕ್ಯಾನ್ ತಂತಿಗಳ ವಿಷಯದಲ್ಲೂ ಅಷ್ಟೇ. ಬ್ಯಾಟರಿ ಬಿಚ್ಚಿ ಅಳೆದಾಗ 60 ಓಮ್ ಇರಬೇಕಾದಲ್ಲಿ 120 ಕಂಡರೆ, ಎರಡು ತುದಿಯ ರೆಸಿಸ್ಟರುಗಳಲ್ಲಿ ಒಂದರ ಸಂಪರ್ಕ ತಪ್ಪಿದೆಯೆಂದು ನಿಂತಲ್ಲೇ ಹೇಳುತ್ತಾರೆ.