ಬಿಚ್ಚಿದ ಮುಡಿಗೆ ಕಾದ ಭಾನುವಾರಗಳು

ಸೇಡಿನ ಕಥೆಯಲ್ಲಿ ಏಟು ಬೀಳುವ ಗಳಿಗೆ ತೀರಾ ಚಿಕ್ಕದು. ರುಚಿಯೆಲ್ಲ ಅದಕ್ಕಾಗಿ ಕಾಯುವುದರಲ್ಲಿದೆ. ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ ಧಾರಾವಾಹಿಯನ್ನು ಭಕ್ತಿಯಿಂದ ನೋಡಿದವರು ಬಹಳ ಮಂದಿ ಇದ್ದಾರೆ. ನಾನು ಅದನ್ನು ಮೊದಲಿನಿಂದಲೂ ಸೇಡಿನ ಕಥೆಯಾಗಿಯೇ ನೋಡಿದವನು, ಈಗಲೂ ಹಾಗೆಯೇ ನೋಡುತ್ತೇನೆ. 1988ರ ಅಕ್ಟೋಬರ್ 2ರಂದು ದೂರದರ್ಶನದಲ್ಲಿ ಶುರುವಾಗಿ 1990ರ ಜೂನ್‌ವರೆಗೆ ನಡೆದ 94 ಕಂತುಗಳವು. ಅಂಬೆಗೆ ಭೀಷ್ಮನ ಮೇಲೆ, ದ್ರುಪದನಿಗೆ ದ್ರೋಣನ ಮೇಲೆ, ಶಕುನಿಗೆ ಹಸ್ತಿನಾವತಿಯ ಮೇಲೆ, ದ್ರೌಪದಿಗೆ ಇಡೀ ಸಭೆಯ ಮೇಲೆ, ಎಲ್ಲ ಮುಗಿಯಿತು ಅನ್ನುವಾಗ ಅಶ್ವತ್ಥಾಮನಿಗೆ ಪಾಂಚಾಲರ ಮೇಲೆ. ಒಬ್ಬರ ಹಗೆ ತೀರುವುದರೊಳಗೆ ಇನ್ನೊಬ್ಬರದು ಹುಟ್ಟಿರುತ್ತದೆ.

ಪುತ್ತೂರು, ಸುಳ್ಯ, ಕಡಬದ ಕಡೆ (ಆಗ ಕಡಬ ಪುತ್ತೂರು ತಾಲೂಕಿಗೇ ಸೇರಿತ್ತು) ಇದನ್ನು ನೋಡಲು ಕುಳಿತವರು ಬರಿಗೈಯಲ್ಲಿ ಕುಳಿತವರಲ್ಲ. ಮನೆಯಲ್ಲಿ ತುಳು, ಅರೆಭಾಷೆ ಅಥವಾ ಹವ್ಯಕ ಕನ್ನಡ ಆಡುವವರು, ಹಿಂದಿ ಅಷ್ಟಕ್ಕಷ್ಟೆ. ಆದರೂ ಯಾರೂ ಯಾರಿಗೂ ಅರ್ಥ ಹೇಳಿಕೊಡಬೇಕಾಗಲಿಲ್ಲ. ಕಥೆ ಗೊತ್ತಿತ್ತು ಎಂಬುದು ಅರ್ಧ ಕಾರಣ ಮಾತ್ರ. ಸಂಭಾಷಣೆ ಬರೆದ ರಾಹಿ ಮಾಸೂಮ್ ರಜಾ ಪಾತ್ರಗಳ ಬಾಯಲ್ಲಿ ಸಂಸ್ಕೃತಭೂಯಿಷ್ಠ ಹಿಂದಿ ಇಟ್ಟರು. ಪ್ರತಿಜ್ಞೆ, ವಚನ, ಪಿತಾಮಹ, ಅಪಮಾನ, ಅಧಿಕಾರ ಎಲ್ಲವೂ ನಮ್ಮ ತಾಳಮದ್ದಳೆಯ ಅರ್ಥಧಾರಿಗಳ ಬಾಯಲ್ಲಿ ಇಡೀ ರಾತ್ರಿ ಕೇಳಿದ ಮಾತುಗಳೇ. ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತಾಳಮದ್ದಳೆಯ ಕೂಟಕ್ಕೆ ಹೋಗುವವರಿಗೆ ಧಾರಾವಾಹಿ ಬರುತ್ತಿದ್ದ ಭಾನುವಾರದ ಬೆಳಗು ಇನ್ನೊಂದು ಕೂಟವಾಗಿ ಒದಗಿತು.

ಕೂಟದವರು ಸೇಡನ್ನು ಸುಮ್ಮನೆ ಒಪ್ಪುವುದಿಲ್ಲ, ವಾದ ಕೇಳುತ್ತಾರೆ. ಸುಳ್ಯ ತಾಲೂಕಿನ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು ಈ ಸೀಮೆಯ ಕಿವಿಗಳನ್ನು ಹದಗೊಳಿಸಿದವರಲ್ಲಿ ಮುಖ್ಯರು. ಕೂಟಗಳಲ್ಲಿ ಅರ್ಥ ಹೇಳಿದ್ದಲ್ಲದೆ ‘ಶ್ರೀಮನ್ಮಹಾಭಾರತ ಕಥಾಮೃತಂ’ ಬರೆದವರು ಅವರು. 1984ರಲ್ಲಿ ತೀರಿಕೊಂಡದ್ದರಿಂದ ಧಾರಾವಾಹಿಯನ್ನು ಅವರು ನೋಡಲಿಲ್ಲ. ನೋಡಿದ್ದರೆ ದ್ಯೂತಸಭೆಯ ಕಂತುಗಳನ್ನು ಖಂಡಿತ ಮೆಚ್ಚುತ್ತಿದ್ದರು ಎಂದು ನನ್ನ ನಂಬಿಕೆ. ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣಕ್ಕಿಡುವ ಅಧಿಕಾರ ಎಲ್ಲಿತ್ತು ಎಂದು ದ್ರೌಪದಿ ಕೇಳುತ್ತಾಳೆ. ಭೀಷ್ಮನಿಗೆ ಉತ್ತರ ಹೊಳೆಯುವುದಿಲ್ಲ. ದ್ರೌಪದಿಯಾಗಿ ರೂಪಾ ಗಂಗೂಲಿ ಅಲ್ಲಿ ಅಳುತ್ತಾರೆ ನಿಜ, ಆದರೆ ಅಳುತ್ತಲೇ ವಾದ ಬಿಡುವುದಿಲ್ಲ. ಸಭೆ ಸೋತದ್ದು ಸೀರೆ ಸೆಳೆಯುವ ಮೊದಲೇ, ಆ ಪ್ರಶ್ನೆಯ ಮುಂದೆ. ಮುಂದಿನ ರಕ್ತಪಾತಕ್ಕೆಲ್ಲ ನ್ಯಾಯ ಒದಗುವುದು ಅಲ್ಲಿಂದ.

ದುಶ್ಶಾಸನನ ರಕ್ತದಲ್ಲಿ ತೋಯಿಸುವವರೆಗೆ ಕಟ್ಟೆನೆಂದು ದ್ರೌಪದಿ ಪಣ ತೊಟ್ಟ ಮುಡಿ ಅಲ್ಲಿಂದಾಚೆಗೆ ಬಿಚ್ಚಿಯೇ ಇದೆ. ವನವಾಸದಲ್ಲಿ, ವಿರಾಟನ ಅರಮನೆಯಲ್ಲಿ, ಸಂಧಿಯ ಮಾತು ನಡೆಯುವಾಗ ಆ ಕೂದಲನ್ನು ಗಮನಿಸಿ. ಪಾಂಡವರು ಯಾವುದೋ ಧರ್ಮಸೂಕ್ಷ್ಮ ಆಡುತ್ತಿರುತ್ತಾರೆ, ಕೂದಲು ಮಾತ್ರ ಸುಮ್ಮನೆ ಇಳಿಬಿದ್ದಿರುತ್ತದೆ. ಮುಡಿಯ ಈ ಪ್ರತಿಜ್ಞೆಯನ್ನು ಬೆಳೆಸಿದ್ದು ವ್ಯಾಸರಿಗಿಂತ ಹೆಚ್ಚಾಗಿ ಭಟ್ಟನಾರಾಯಣನ ‘ವೇಣೀಸಂಹಾರ’. ನಮ್ಮ ರನ್ನ ಆ ಕಿಚ್ಚನ್ನು ‘ಗದಾಯುದ್ಧ’ಕ್ಕೆ ತಂದ. ಚೋಪ್ರಾ ತಂಡಕ್ಕೆ ಒದಗಿದ ಹೊಸ ಬಲವೆಂದರೆ ಕಾಲ. ಮುಡಿ ಬಿಚ್ಚಿದ ಕಂತಿಗೂ ದುಶ್ಶಾಸನನ ರಕ್ತ ಅದನ್ನು ತೋಯಿಸಿದ ಕಂತಿಗೂ ನಡುವೆ ನೋಡುವವರ ಬದುಕಿನಲ್ಲೇ ತಿಂಗಳುಗಟ್ಟಲೆ ಸಂದಿತ್ತು. ಅಡಿಕೆ ಕೊಯ್ದಾಯಿತು, ಒಣಗಿಸಿ ಸುಲಿದಾಯಿತು, ಪುತ್ತೂರು ಜಾತ್ರೆ ಬಂದು ಹೋಯಿತು, ದ್ರೌಪದಿ ಇನ್ನೂ ಕಾಯುತ್ತಿದ್ದಳು.

ಶಕುನಿಯ ಬಗ್ಗೆ ಹೇಳದಿದ್ದರೆ ತಪ್ಪಾದೀತು. 2023ರಲ್ಲಿ ತೀರಿಕೊಂಡ ಗುಫಿ ಪೇಂಟಲ್ ಆ ಪಾತ್ರ ಮಾಡಿದ್ದರು. ತಂಗಿಯನ್ನು ಕುರುಡನಿಗೆ ಕೊಡಿಸಿಕೊಂಡ ಹಸ್ತಿನಾವತಿಯ ಮೇಲೆ ಅವನಿಗಿರುವ ಸಿಟ್ಟನ್ನು ಅವರು ನಗುವಿನೊಳಗೆ ಅಡಗಿಸಿಟ್ಟರು. ಕುಂಟು ನಡಿಗೆ, ಕಿರಿದಾದ ಒಂದು ಕಣ್ಣು, ಅಂಗೈಯಲ್ಲಿ ಉಜ್ಜುವ ದಾಳ, ಅಳಿಯ ದುರ್ಯೋಧನನನ್ನು ಕರೆಯುವಾಗಿನ ಪ್ರೀತಿ. ಆ ಪ್ರೀತಿಯೇ ಕೌರವನನ್ನು ಮುಗಿಸಿತು. ದ್ರೌಪದಿಯದು ಬಿಚ್ಚಿಟ್ಟ ಸೇಡು, ಇವನದು ಬಚ್ಚಿಟ್ಟದ್ದು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ನೋಡುವಾಗ ಮೈ ಜುಮ್ಮೆನ್ನುತ್ತದೆ.

ಯುದ್ಧದ ಕಂತುಗಳು ಅಷ್ಟಾಗಿ ಗೆಲ್ಲುವುದಿಲ್ಲ. ಆಕಾಶದಲ್ಲಿ ಬಾಣಕ್ಕೆ ಬಾಣ ತಾಗುವುದನ್ನು ಎಷ್ಟೆಂದು ನೋಡುವುದು? ಎರಡು ಚೆಂಡೆ, ನಾಲ್ಕು ಹೆಜ್ಜೆಯಲ್ಲಿ ನಮ್ಮ ಬಯಲಾಟ ಅದನ್ನು ಇನ್ನೂ ರಭಸವಾಗಿ ಕಾಣಿಸುತ್ತದೆ. ಆದರೆ ಗದಾಯುದ್ಧಕ್ಕೆ ಬಂದಾಗ ಧಾರಾವಾಹಿ ಮತ್ತೆ ಎದ್ದು ನಿಲ್ಲುತ್ತದೆ. ಪುನೀತ್ ಇಸ್ಸಾರರ ದುರ್ಯೋಧನ ತೊಡೆ ಮುರಿದು ಬಿದ್ದಾಗ, ಅಷ್ಟು ಕಾಲ ಅವನು ಬೀಳಲೆಂದು ಕಾದವರಿಗೇ ಕರುಳು ಚುರುಕ್ಕೆನ್ನುತ್ತದೆ. ಗದಾಪರ್ವದ ಆಟದಲ್ಲಿ ಕೊಳದಿಂದೆದ್ದು ಬರುವ ಕೌರವನನ್ನು ಪ್ರೀತಿಸಿದ ಊರಿಗೆ ಈ ಕನಿಕರ ಹೊಸತಲ್ಲ.

2020ರ ಮಾರ್ಚ್ ಕೊನೆಯಲ್ಲಿ, ಲಾಕ್‌ಡೌನ್ ಹೊತ್ತಿಗೆ, ಡಿಡಿ ಭಾರತಿ ಇದನ್ನು ಮತ್ತೆ ಹಾಕಿತು, ದಿನಕ್ಕೆ ಎರಡು ಹೊತ್ತು. ಹೊಸ ಪೀಳಿಗೆ ನೋಡಿದ್ದು ಸಂತೋಷ. ಆದರೆ ಮಧ್ಯಾಹ್ನ ಕಟ್ಟಿದ ಹಗೆ ರಾತ್ರಿ ಊಟದೊಳಗೆ ಮುಂದಕ್ಕೆ ಓಡಿದರೆ ಮನಸ್ಸಿಗೆ ಹತ್ತುವುದಿಲ್ಲ. ಮೊಬೈಲಿನಲ್ಲಿ ನೋಡುವವರು ವಾರಕ್ಕೆ ಒಂದೇ ಕಂತು ಎಂದು ಪಟ್ಟು ಹಿಡಿಯಿರಿ. ಮಳೆಗಾಲದಲ್ಲಿ ಶುರುಮಾಡಿ, ನಡುನಡುವೆ ಹತ್ತಿರದ ಕೂಟದಲ್ಲಿ ‘ಭೀಷ್ಮ ವಿಜಯ’ವೋ ‘ಗದಾಪರ್ವ’ವೋ ಸಿಕ್ಕಿದರೆ ಬಿಡಬೇಡಿ. ಅಶ್ವತ್ಥಾಮ ನಡುರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗುವ ಕಂತನ್ನು ಮಾತ್ರ ಒಬ್ಬರೇ ನೋಡಬೇಡಿ, ಮನೆಯವರೆಲ್ಲ ಕೂಡಿ ನೋಡಿ. ಅಪ್ಪನನ್ನು ಸುಳ್ಳು ಹೇಳಿಸಿ ಕೊಂದವರ ಮೇಲೆ ಅವನಿಗೆ ಹಗೆ ಇದ್ದದ್ದು ನ್ಯಾಯ ಎನ್ನುವವನು ನಾನು. ಮಲಗಿದ ಮಕ್ಕಳನ್ನು ಕೊಂದದ್ದಕ್ಕೆ ನನ್ನಲ್ಲಿ ವಾದವಿಲ್ಲ. ನಿಮ್ಮ ಮನೆಯಲ್ಲಿ ಅವನ ಪರವಾಗಿ ಅರ್ಥ ಹೇಳುವವರು ಯಾರಾದರೂ ಇದ್ದಾರು, ಅವರನ್ನು ಪೂರ್ತಿ ಮಾತಾಡಲು ಬಿಡಿ.