ದಂಡುಪ್ರದೇಶದ ಭೂದಫ್ತರ: ಒಂದು ವಿಮರ್ಶೆ

ಬೆಳಗಾವಿಯ ದಂಡುಪ್ರದೇಶವು 1832ರಷ್ಟು ಹಳೆಯದು. ಅದರ ನೆಲದ ಲೆಕ್ಕವಾದರೋ ಭೂ ಆಡಳಿತ ನಿಯಮಗಳಿಗನುಸಾರವಾಗಿ ಒಂದು ಸಾಮಾನ್ಯ ಭೂದಾಖಲೆ ಪುಸ್ತಕದಲ್ಲಿದೆ. ಸರ್ವೇ ನಂಬರು, ವಿಸ್ತೀರ್ಣ, ವರ್ಗ, ಹಕ್ಕುದಾರ, ಎಲ್ಲಕ್ಕೂ ಅಂಕಣವುಂಟು. ಸೇನೆಯು ವಾಸ್ತವವಾಗಿ ಬಳಸುತ್ತಿರುವ ನೆಲ ‘ಎ-1’. ದಂಡುಮಂಡಳಿಗೆ ಸೇರಿದುದು ‘ಸಿ’. ಆಡಳಿತಕ್ಕೆ ಈ ವಿಂಗಡಣೆ ಸಾಕು, ಚರಿತ್ರಕಾರನಿಗೆ ಸಾಲದು. ವರ್ಗವು ಇಂದಿನ ಉಪಯೋಗವನ್ನು ಸೂಚಿಸುವುದೇ ಹೊರತು ಹಿಂದಿನದನ್ನಲ್ಲ. ಖಾನಾಪುರ ರಸ್ತೆಯಲ್ಲಿ ಮುಂದೆ ಸಾಗಿ ಪೀರನವಾಡಿಯ ರೈತನ ಉತಾರವನ್ನು ನೋಡಿರಿ: ಅಲ್ಲಿ ಹಕ್ಕಿನೊಡನೆ ಬೆಳೆಗೂ ಸ್ಥಾನವಿದೆ. (ಬೆಳೆಯನ್ನು ಬರೆದವರೆಲ್ಲರೂ ಹೊಲಕ್ಕೆ ಹೋಗಿಯೇ ಬರೆದರೆಂದು ನಾವು ಹೇಳಲಾರೆವು.) ದಂಡಿನ ದಾಖಲೆಗಳನ್ನು ಈಗ ‘ರಕ್ಷಾ ಭೂಮಿ’ ಎಂಬ ಗಣಕವ್ಯವಸ್ಥೆಗೆ ಏರಿಸಲಾಗಿದೆ. ಏರಿಸುವಾಗ ಊರ್ಜಿತ ನಮೂದನ್ನಷ್ಟೇ ಉಳಿಸಿ, ಹೊಡೆದುಹಾಕಿದ ಸಾಲನ್ನು ಕೈಬಿಟ್ಟಲ್ಲಿ, ನೆಲವು ಕೈಬದಲಾದ ಬಗೆಯನ್ನು ಮೂಲ ಪುಸ್ತಕದಿಂದಲೇ ತಿಳಿಯಬೇಕಾಗುತ್ತದೆ. ಗಣಕವಿದೆಯೆಂದು ಆ ಪುಸ್ತಕವನ್ನು ವಿಲೇವಾರಿ ಮಾಡುವುದು ಯುಕ್ತವಲ್ಲ.